ದೂರದ ಗುರಿಗೆ ಮರಳುವಾಗ ಮತ್ತೆ ಕಲಿಯಬೇಕಾದದ್ದು ಗಾಳಿಯನ್ನು

ಪ್ರಶ್ನೆ: ಹದಿನೈದು ವರ್ಷಗಳ ಹಿಂದೆ ಕ್ಲಬ್ಬಿನ ಸದಸ್ಯನಾಗಿ ಟಾರ್ಗೆಟ್ ರೈಫಲ್‌ನಲ್ಲಿ 300ರಿಂದ 1000 ಗಜದವರೆಗೆ ಹೊಡೆಯುತ್ತಿದ್ದೆ. ಕೆಲಸ ಮತ್ತು ಸಂಸಾರದ ನಡುವೆ ಅದು ನಿಂತುಹೋಯಿತು. ಈಗ ನನಗೆ ಐವತ್ತೆಂಟು ವರ್ಷ, ಮತ್ತೆ ಆರಂಭಿಸುವ ಆಸೆಯಿದೆ. ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವ ಅಪರ್ಚರ್ ಸೈಟ್ ಇರುವ .308 ಕ್ಯಾಲಿಬರಿನ ನನ್ನ ಹಳೆಯ ರೈಫಲ್ ಮತ್ತು ಆಗ ನಾನೇ ತುಂಬಿಟ್ಟ ಒಂದಷ್ಟು ತೋಟಾಗಳು ಇನ್ನೂ ಇವೆ. ಆದರೆ ಓದಲು ಕನ್ನಡಕ ಬೇಕು, ಕತ್ತು ಹಿಡಿಯುತ್ತದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎಲ್ಲಿಂದ ಶುರುಮಾಡಲಿ? ಟೆಲಿಸ್ಕೋಪ್ ಇರುವ ಹೊಸ ರೈಫಲ್ ಕೊಳ್ಳುವುದೇ ಉತ್ತಮವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕನಿಷ್ಠ ಒಂದು ಋತುವಿನ ಮಟ್ಟಿಗಾದರೂ ಹೊಸ ರೈಫಲ್ ಕೊಳ್ಳಬೇಡಿ. ಸರಿಯಾಗಿ ಎಣ್ಣೆ ಹಚ್ಚಿ ಒಣ ಜಾಗದಲ್ಲಿಟ್ಟ ಒಳ್ಳೆಯ ಟಾರ್ಗೆಟ್ ರೈಫಲ್ ಹದಿನೈದು ವರ್ಷದಲ್ಲಿ ತನ್ನ ನಿಖರತೆಯನ್ನು ಕಳೆದುಕೊಳ್ಳುವುದಿಲ್ಲ. ಬೋರಲು ಮಲಗಿ, ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿಯಾದ ಸ್ಲಿಂಗ್ ಬಿಗಿದು ಹಿಡಿಯುವ ಭಂಗಿ, ಉಸಿರಿನ ಲಯ, ಟ್ರಿಗರ್ ಮೇಲಿನ ಬೆರಳಿನ ಹದ ಇವೆಲ್ಲ ಕೆಲವು ವಾರಗಳ ಅಭ್ಯಾಸದಲ್ಲಿ ಮರಳುತ್ತವೆ, ಏಕೆಂದರೆ ಒಮ್ಮೆ ಚೆನ್ನಾಗಿ ಕಲಿತದ್ದನ್ನು ದೇಹ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎಲ್ಲಕ್ಕಿಂತ ಮೊದಲು ಕೈಬಿಟ್ಟುಹೋಗಿ ಎಲ್ಲಕ್ಕಿಂತ ಕೊನೆಗೆ ಮರಳುವುದು ಗಾಳಿಯನ್ನು ನೋಡಿ ಅಂದಾಜು ಮಾಡುವ ಸಾಮರ್ಥ್ಯ, ಮತ್ತು ಅದನ್ನು ಯಾವ ಹೊಸ ರೈಫಲ್ ಕೂಡ ತಂದುಕೊಡಲಾರದು. ಆದ್ದರಿಂದ ನಿಮ್ಮ ಹಣಕ್ಕಿಂತ ಹೆಚ್ಚಾಗಿ ನಿಮ್ಮ ಸಮಯವನ್ನು ಅದಕ್ಕೆ ಮೀಸಲಿಡಿ ಎಂಬುದು ನನ್ನ ಸಲಹೆಯ ತಿರುಳು.

ಆದರೂ ಗಾಳಿಯ ವಿಷಯಕ್ಕೆ ಬರುವ ಮುನ್ನ ಮುಗಿಸಿಕೊಳ್ಳಬೇಕಾದ ಕೆಲವು ಕೆಲಸಗಳಿವೆ. ನಿಮ್ಮ ಪರವಾನಗಿ ಮತ್ತು ಕ್ಲಬ್ ಸದಸ್ಯತ್ವ ಎರಡೂ ಚಾಲ್ತಿಯಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳುವುದು ಮೊದಲನೆಯದು. ಅನಂತರ ಸುರಕ್ಷತಾ ನಿಯಮಗಳನ್ನೂ ರೇಂಜಿನ ಆಜ್ಞೆಗಳನ್ನೂ ಹೊಸಬರೊಂದಿಗೆ ಕೂತು ಮತ್ತೊಮ್ಮೆ ಕಲಿಯಿರಿ. ಈ ವರ್ಷಗಳಲ್ಲಿ ಅವು ಬದಲಾಗಿರಬಹುದು, ಮತ್ತು ಅರ್ಧ ನೆನಪಿರುವ ನಿಯಮವು ಗೊತ್ತೇ ಇಲ್ಲದ ನಿಯಮಕ್ಕಿಂತ ಹೆಚ್ಚು ಅಪಾಯಕಾರಿ. ರೈಫಲನ್ನು ಹೊಡೆಯುವ ಮೊದಲು ಒಬ್ಬ ಅನುಭವಿ ಗನ್‌ಸ್ಮಿತ್‌ಗೆ ತೋರಿಸಿ. ದೀರ್ಘಕಾಲ ಇಡಲೆಂದು ನಳಿಗೆಯೊಳಗೆ ಹಚ್ಚಿದ ಗ್ರೀಸನ್ನು ಪೂರ್ತಿ ತೆಗೆಯದೆ ಗುಂಡು ಹಾರಿಸುವುದು ಅಪಾಯ. ಬೋಲ್ಟಿನೊಳಗೆ ಅಂಟಾಗಿರುವ ಹಳೆಯ ಎಣ್ಣೆ ಫೈರಿಂಗ್ ಪಿನ್ನಿನ ವೇಗವನ್ನು ತಗ್ಗಿಸುತ್ತದೆ, ಟ್ರಿಗರ್‌ನಲ್ಲಿ ಗಟ್ಟಿಯಾದ ಎಣ್ಣೆ ಅದು ಸರಿಯಾಗಿ ಕಚ್ಚಿಕೊಳ್ಳದಂತೆ ಮಾಡಬಹುದು. ಮರದ ಹಿಡಿಯಾಗಿದ್ದರೆ ಲೋಹದ ಭಾಗವನ್ನು ಹಿಡಿಗೆ ಬಿಗಿಯುವ ಆ್ಯಕ್ಷನ್ ಸ್ಕ್ರೂಗಳ ಬಿಗಿತವನ್ನೂ, ಆ ಭಾಗ ಹಿಡಿಯಲ್ಲಿ ಕೂರುವ ಜಾಗವಾದ ಬೆಡ್ಡಿಂಗನ್ನೂ ನೋಡಿಸಿ. ಚರ್ಮದ ಸ್ಲಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನು ಉಳಿಸಿಕೊಳ್ಳಲು ಹೆಣಗದೆ ಬದಲಿಸಿ. ನಿಮ್ಮ ಹಳೆಯ ಲೆಕ್ಕದ ಪುಸ್ತಕದಲ್ಲಿ ನಳಿಗೆಯಿಂದ ಎಷ್ಟು ಗುಂಡು ಹೋಗಿವೆ ಎಂಬುದು ಸಿಗುತ್ತದೆ. .308ರ ಟಾರ್ಗೆಟ್ ನಳಿಗೆಯೊಂದು ಸಾಮಾನ್ಯವಾಗಿ 3000ದಿಂದ 5000 ಗುಂಡುಗಳವರೆಗೆ ಸ್ಪರ್ಧೆಯ ನಿಖರತೆಯನ್ನು ಉಳಿಸಿಕೊಳ್ಳುತ್ತದೆ. ಅದು ಮೀರಿದ್ದರೆ ಬದಲಿಸಬೇಕಾದದ್ದು ನಳಿಗೆಯನ್ನು ಮಾತ್ರ, ರೈಫಲನ್ನಲ್ಲ.

ಅಪರ್ಚರ್ ಸೈಟನ್ನು ಅನೇಕರು ಮರೆಯುತ್ತಾರೆ. ಅದರ ತಿರುಪುಗಳೊಳಗಿನ ಗ್ರೀಸ್ ಒಣಗಿದರೆ ಅಂಕೆ ಬದಲಾದರೂ ಸೈಟ್ ಅಷ್ಟೇ ಚಲಿಸುತ್ತದೆ ಎಂಬ ಭರವಸೆ ಇರುವುದಿಲ್ಲ. 300 ಗಜದಲ್ಲಿ ಗಾಳಿಯಿಲ್ಲದ ಬೆಳಿಗ್ಗೆ ಒಂದು ಗುಂಪು, ಅಂದರೆ ಸೈಟ್ ಬದಲಿಸದೆ ಒಂದೇ ಗುರಿಗೆ ಕೆಲವು ಗುಂಡು, ಹೊಡೆದು, ಸೈಟನ್ನು ಹತ್ತು ಹನ್ನೆರಡು ಮಿನಿಟ್ ಪಕ್ಕಕ್ಕೂ ಮೇಲಕ್ಕೂ ತಿರುಗಿಸಿ ಮತ್ತೆ ಮೊದಲಿನ ಅಂಕೆಗೆ ತಂದು ಇನ್ನೊಂದು ಗುಂಪು ಹೊಡೆಯಿರಿ. ಎರಡೂ ಒಂದೇ ಕಡೆ ಬಿದ್ದರೆ ಸೈಟ್ ನಂಬಿಕೆಗೆ ಅರ್ಹ. ಇಲ್ಲಿ ಮಿನಿಟ್ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಗಜದಲ್ಲಿ ಅದು ಒಂದು ಇಂಚಿಗಿಂತ ತುಸು ಹೆಚ್ಚು, 1000 ಗಜದಲ್ಲಿ ಸುಮಾರು ಹತ್ತೂವರೆ ಇಂಚು.

ಹಳೆಯ ತೋಟಾಗಳ ಬಗ್ಗೆ ನನ್ನ ಮಾತು ನಿಷ್ಠುರವಾಗಿಯೇ ಇರುತ್ತದೆ. ಪೆಟ್ಟಿಗೆಯ ಮೇಲೆ ಮದ್ದಿನ ಹೆಸರು, ತೂಕ, ಗುಂಡಿನ ವಿವರ ಮತ್ತು ದಿನಾಂಕ ಬರೆದಿಲ್ಲದಿದ್ದರೆ ಅವನ್ನು ಹೊಡೆಯಬೇಡಿ, ನೆನಪನ್ನು ನೆಚ್ಚಿಕೊಂಡಂತೂ ಬೇಡವೇ ಬೇಡ. ವಿವರವಿದ್ದರೂ ಅವು ಬಿಸಿಯಲ್ಲಿ ಇದ್ದವೇ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಬಂದಿದೆಯೇ ಎಂದು ನೋಡಿ. ಡಬ್ಬಿಯಲ್ಲಿ ಉಳಿದ ಮದ್ದಿಗೆ ಮೂಗಿಗೆ ಚುಚ್ಚುವ ಆಮ್ಲದ ವಾಸನೆಯೋ ಕೆಂಗಂದು ಬಣ್ಣದ ಧೂಳೋ ಇದ್ದರೆ ಅದು ಕೊಳೆಯಲಾರಂಭಿಸಿದೆ ಎಂದರ್ಥ. ಅದನ್ನು ನಿಯಮದಂತೆ ವಿಲೇವಾರಿ ಮಾಡಿಸಬೇಕು. ಎಲ್ಲವೂ ಸರಿಯಾಗಿ ಕಂಡ ತೋಟಾಗಳಲ್ಲಿಯೂ ಇನ್ನೊಂದು ತೊಂದರೆಯಿದೆ: ವರ್ಷಗಟ್ಟಲೆ ಒತ್ತಿಕೊಂಡಿದ್ದ ಹಿತ್ತಾಳೆಯ ಕೇಸಿನ ಕತ್ತು ಮತ್ತು ಗುಂಡು ಪರಸ್ಪರ ಅಂಟಿಕೊಳ್ಳುತ್ತವೆ, ಒಂದೊಂದರಲ್ಲೂ ಒಂದೊಂದು ಪ್ರಮಾಣದಲ್ಲಿ, ಅದರಿಂದ ಗುಂಡುಗಳ ವೇಗ ಏರುಪೇರಾಗುತ್ತದೆ. 1000 ಗಜದಲ್ಲಿ ಸೆಕೆಂಡಿಗೆ 10 ಮೀಟರ್‌ನಷ್ಟು ವೇಗದ ವ್ಯತ್ಯಾಸ ಗುಂಡನ್ನು ಸುಮಾರು 20 ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ ಹಾಕುತ್ತದೆ. ಅಂಥ ತೋಟಾಗಳಿಂದ ಹೊಡೆಯುತ್ತ ಕೂತರೆ ತಪ್ಪು ನಿಮ್ಮದೋ ಗಾಳಿಯದೋ ತೋಟಾದ್ದೋ ಎಂದು ಗೊತ್ತಾಗುವುದೇ ಇಲ್ಲ. ಮೊದಲ ಋತುವನ್ನು ಕ್ಲಬ್ ಒದಗಿಸುವ ಅಥವಾ ಕಾರ್ಖಾನೆಯ ಒಂದೇ ತಯಾರಿಕೆಯ ತಂಡದ (ಬ್ಯಾಚಿನ), ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ತೋಟಾಗಳಲ್ಲಿ ಕಳೆಯಿರಿ. ಮತ್ತೆ ಕೈಯಾರೆ ತುಂಬುವಾಗ ಹಳೆಯ ಅಳತೆಯನ್ನೇ ನೇರವಾಗಿ ಬಳಸದೆ ಇಂದಿನ ಕೈಪಿಡಿಯ ಕನಿಷ್ಠ ಅಳತೆಯಿಂದ ಮೇಲೇರಿ, ಏಕೆಂದರೆ ಅದೇ ಹೆಸರಿನ ಮದ್ದು ತಯಾರಿಕೆಯ ತಂಡದಿಂದ ತಂಡಕ್ಕೆ ಬದಲಾಗುತ್ತದೆ.

ಇನ್ನು ಕಣ್ಣು. ಐವತ್ತರ ನಂತರ ಅಪರ್ಚರ್ ಸೈಟ್ ಬಳಸಲಾಗದು ಎಂಬ ಭಾವನೆ ತಪ್ಪು. ಹಿಂದಿನ ಸೈಟಿನ ಸಣ್ಣ ರಂಧ್ರವೇ ನೋಟದ ಆಳವನ್ನು ಹೆಚ್ಚಿಸುವುದರಿಂದ ಈ ಸೈಟ್ ವಯಸ್ಸಾದ ಕಣ್ಣಿಗೆ ಸಹಾಯವನ್ನೇ ಮಾಡುತ್ತದೆ. ಓದುವ ಕನ್ನಡಕವಾಗಲಿ, ಮೇಲೊಂದು ಕೆಳಗೊಂದು ಶಕ್ತಿಯಿರುವ ಪ್ರೊಗ್ರೆಸಿವ್ ಕನ್ನಡಕವಾಗಲಿ ಇಲ್ಲಿ ನಡೆಯುವುದಿಲ್ಲ. ಮಲಗಿದಾಗ ತಲೆ ಓರೆಯಾಗಿ, ನೋಟ ಗಾಜಿನ ಅಂಚಿನ ಮೂಲಕ ಹಾಯುತ್ತದೆ. ಅದಕ್ಕಾಗಿ ಗಾಜನ್ನು ನೋಟದ ರೇಖೆಗೆ ಲಂಬವಾಗಿ ನಿಲ್ಲಿಸಬಲ್ಲ ಶೂಟಿಂಗ್ ಫ್ರೇಮ್ ಬೇಕು. ಹೊಡೆಯುವ ಭಂಗಿಯಲ್ಲಿ ಕಣ್ಣಿನಿಂದ ಮುಂದಿನ ಸೈಟಿಗೆ ಇರುವ ದೂರವನ್ನು ಅಳೆದುಕೊಂಡು ಕಣ್ಣಿನ ತಜ್ಞರ ಬಳಿಗೆ ಹೋಗಿ. ದೂರದ ದೃಷ್ಟಿಗೆ ಬೇಕಾದ ಸಂಖ್ಯೆಗೆ ಸುಮಾರು +0.50 ಡಯಾಪ್ಟರ್ ಸೇರಿಸಿದರೆ ಮುಂದಿನ ಸೈಟಿನ ಉಂಗುರವೂ ದೂರದ ಕಪ್ಪು ವೃತ್ತವೂ ಸಾಕಷ್ಟು ಸ್ಪಷ್ಟವಾಗಿ ಕಾಣುವ ಹೊಂದಾಣಿಕೆ ಹೆಚ್ಚಿನವರಿಗೆ ಸಿಗುತ್ತದೆ. ಮುಂದಿನ ಉಂಗುರವನ್ನು ಹಿಂದಿಗಿಂತ ದೊಡ್ಡದಾಗಿಡಿ. ಕಪ್ಪಿನ ಸುತ್ತ ಬಿಳಿಯ ಅಂಚು ಧಾರಾಳವಾಗಿ ಕಂಡರೆ ಕಣ್ಣು ತಾನಾಗಿಯೇ ನಡುವನ್ನು ಹುಡುಕಿಕೊಳ್ಳುತ್ತದೆ. ಬಿಗಿಯಾದ ಉಂಗುರದಲ್ಲಿ ಅದು ಅನುಮಾನಪಡುತ್ತ ದಣಿಯುತ್ತದೆ. ಉಂಗುರದ ಸುತ್ತ ಬೆಳಕಿನ ಹರಡಿಕೆ ಅಥವಾ ಮಬ್ಬು ಕಂಡರೆ ಕಣ್ಣಿನ ಪೊರೆಯ ಪರೀಕ್ಷೆ ಮಾಡಿಸಿಕೊಳ್ಳಿ.

ಕತ್ತಿನ ನೋವಿಗೆ ಬಹುಪಾಲು ಕಾರಣ ವಯಸ್ಸಲ್ಲ, ಹಳೆಯ ರೈಫಲಿನ ಅಳತೆ. ಇಂದಿನ ಶೂಟರ್‌ಗಳು ಸೈಟುಗಳನ್ನು ಎತ್ತರದ ಆಧಾರಗಳ ಮೇಲೆ ಕೂರಿಸಿ, ಕೆನ್ನೆಯ ದಿಂಬನ್ನೂ ಹಿಡಿಯ ಹಿಂಬದಿಯ ತಟ್ಟೆಯನ್ನೂ ಅದಕ್ಕೆ ತಕ್ಕಂತೆ ಹೊಂದಿಸಿ, ತಲೆಯನ್ನು ಹೆಚ್ಚು ನೇರವಾಗಿ ಇಟ್ಟುಕೊಳ್ಳುತ್ತಾರೆ. ಈ ಬದಲಾವಣೆಗೆ ತಗಲುವುದು ಸಣ್ಣ ಖರ್ಚು, ಸಿಗುವ ಲಾಭ ದೊಡ್ಡದು. ಆದರೆ ಸೈಟ್ ಎತ್ತರಿಸಿದಾಗ ರೈಫಲ್ ಓರೆಯಾಗದಂತೆ ಎಚ್ಚರ ವಹಿಸಿ; 1000 ಗಜದಲ್ಲಿ ಒಂದು ಡಿಗ್ರಿ ಓರೆ ಎಂದರೆ ಗುಂಡು ಸುಮಾರು 15 ಸೆಂಟಿಮೀಟರ್ ಪಕ್ಕಕ್ಕೆ ಬಿದ್ದಂತೆ. ಸ್ಲಿಂಗನ್ನು ತೋಳಿನಲ್ಲಿ ಎತ್ತರಕ್ಕೆ ಕಟ್ಟಿದರೆ ನಾಡಿಯ ಬಡಿತ ಉಂಗುರದಲ್ಲಿ ಕಡಿಮೆ ಕಾಣುತ್ತದೆ. ಮನೆಯಲ್ಲಿ ಖಾಲಿ ರೈಫಲಿನೊಂದಿಗೆ, ತೋಟಾಗಳು ಆ ಕೋಣೆಯಲ್ಲೇ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಲವು ನಿಮಿಷ ಭಂಗಿ ಹಿಡಿದು ಅಭ್ಯಾಸ ಮಾಡಿ. ಗುರಿ ಹಿಡಿದು ಕಣ್ಣು ಮುಚ್ಚಿ, ಒಂದೆರಡು ಬಾರಿ ಉಸಿರಾಡಿ, ಕಣ್ಣು ತೆರೆಯಿರಿ. ಸೈಟ್ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆಯದೆ ಸೊಂಟವನ್ನು ಸರಿಸಿ. ಈ ಒಂದು ಅಭ್ಯಾಸ ಉಳಿದೆಲ್ಲಕ್ಕಿಂತ ಬೇಗ ಹಳೆಯ ಭಂಗಿಯನ್ನು ಮರಳಿಸುತ್ತದೆ.

ರಕ್ತದೊತ್ತಡದ ಮಾತ್ರೆಯ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಅದು ಬೀಟಾ ಬ್ಲಾಕರ್ ವರ್ಗದ್ದಾಗಿದ್ದರೆ, ಹೃದಯದ ಬಡಿತವನ್ನು ತಗ್ಗಿಸಿ ಕೈಯನ್ನು ಸ್ಥಿರಗೊಳಿಸುವ ಗುಣದಿಂದಾಗಿ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ಅದನ್ನು ಶೂಟಿಂಗ್ ಕ್ರೀಡೆಯಲ್ಲಿ ನಿಷೇಧಿಸಿದೆ. ಹವ್ಯಾಸಕ್ಕಾಗಿ ಹೊಡೆಯುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೆ ಆ ನಿಯಮಗಳನ್ನು ಪಾಲಿಸುವ ಸ್ಪರ್ಧೆಗೆ ಹೋಗುವ ಯೋಚನೆಯಿದ್ದರೆ ವೈದ್ಯರೊಂದಿಗೆ ಮುಂಚಿತವಾಗಿ ಮಾತನಾಡಿ, ಬೇರೆ ಔಷಧಿಯ ಸಾಧ್ಯತೆಯನ್ನೋ ಚಿಕಿತ್ಸೆಯ ಕಾರಣಕ್ಕೆ ಸಿಗುವ ವಿನಾಯಿತಿಯನ್ನೋ ಕೇಳಿ. ಕ್ರೀಡೆಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಈಗ ಗಾಳಿಗೆ ಬರೋಣ. .308ರಿಂದ ಹೊರಟ 155 ಗ್ರೇನ್ (ಸುಮಾರು 10 ಗ್ರಾಂ) ತೂಕದ ಟಾರ್ಗೆಟ್ ಗುಂಡು 1000 ಗಜ ತಲುಪಲು ಸುಮಾರು ಒಂದೂವರೆ ಸೆಕೆಂಡ್ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ಕೇವಲ 1 ಮೀಟರ್ ವೇಗದ ಅಡ್ಡಗಾಳಿ, ಅಂದರೆ ಮುಖಕ್ಕೆ ತಾಕಿದ್ದು ಅಷ್ಟಾಗಿ ಗೊತ್ತಾಗದ ಗಾಳಿ, 300 ಗಜದಲ್ಲಿ ಆ ಗುಂಡನ್ನು 4 ಸೆಂಟಿಮೀಟರಿನಷ್ಟು ಸರಿಸಿದರೆ, 600ರಲ್ಲಿ ಸುಮಾರು 16 ಸೆಂಟಿಮೀಟರ್, 1000 ಗಜದಲ್ಲಿ ಅರ್ಧ ಮೀಟರ್ ಸರಿಸುತ್ತದೆ. ದೂರ ಮೂರು ಪಟ್ಟಿಗಿಂತ ತುಸು ಹೆಚ್ಚಾದಾಗ ಸರಿತ ಹನ್ನೆರಡು ಪಟ್ಟಿಗೂ ಹೆಚ್ಚಾಗುವುದನ್ನು ಗಮನಿಸಿ. ಗುಂಡು ವೇಗ ಕಳೆದುಕೊಳ್ಳುತ್ತ ಹೋದಂತೆ, ನಿರ್ವಾತದಲ್ಲಿ ಹೋಗಿದ್ದರೆ ತೆಗೆದುಕೊಳ್ಳುತ್ತಿದ್ದ ಸಮಯಕ್ಕಿಂತ ಎಷ್ಟು ತಡವಾಗುತ್ತದೆಯೋ ಆ ತಡಕ್ಕೆ ತಕ್ಕಂತೆ ಗಾಳಿ ಅದನ್ನು ಒಯ್ಯುತ್ತದೆ ಎಂಬುದೇ ಇದರ ಕಾರಣ. ಇಂಗ್ಲೆಂಡಿನ ಬಿಸ್ಲಿ ರೇಂಜಿನಲ್ಲಿ ಬಳಸುವ 1000 ಗಜದ ಗುರಿಯ ಬುಲ್, ಅಂದರೆ ನಡುವಿನ ವೃತ್ತ, ಸುಮಾರು 60 ಸೆಂಟಿಮೀಟರ್ ಅಗಲದ್ದು. ಹಾಗಾಗಿ ನೀವು ದೋಷವಿಲ್ಲದೆ ಹೊಡೆದರೂ, ಅಂದಾಜಿನಲ್ಲಿ ಸೆಕೆಂಡಿಗೆ 0.6 ಮೀಟರ್‌ನಷ್ಟು ತಪ್ಪಿದರೆ ನಡುವಿಗೆ ಹೋಗಬೇಕಿದ್ದ ಗುಂಡು ಬುಲ್‌ನ ಅಂಚಿಗೆ ಹೋಗುತ್ತದೆ. ನಿಮ್ಮ ರೈಫಲ್ ಅರ್ಧ ಮಿನಿಟಿನ ಗುಂಪು ಹೊಡೆಯುತ್ತದೆಯೋ ಮುಕ್ಕಾಲು ಮಿನಿಟಿನದೋ ಎಂಬ ಚರ್ಚೆ ಈ ಲೆಕ್ಕದ ಮುಂದೆ ಚಿಕ್ಕದು.

ಗಾಳಿಯ ವೇಗಕ್ಕಿಂತಲೂ ಅದು ಬೀಸುವ ಕೋನ ಹೆಚ್ಚು ಮೋಸ ಮಾಡುತ್ತದೆ, ಮತ್ತು ಮರಳಿ ಬಂದವರು ಎಡವುವುದು ಇಲ್ಲಿಯೇ. ಸರಿಯಾಗಿ ಅಡ್ಡಲಾಗಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುವ ಬಲವಾದ ಗಾಳಿ ಹತ್ತು ಡಿಗ್ರಿ ತಿರುಗಿದರೂ ಅದರ ಪರಿಣಾಮ ಶೇಕಡ ಒಂದೂವರೆಯಷ್ಟೇ ಬದಲಾಗುತ್ತದೆ, ಅಂದರೆ 1000 ಗಜದಲ್ಲಿ ಕೆಲವೇ ಸೆಂಟಿಮೀಟರ್. ಅದೇ ಗಾಳಿ ನಿಮ್ಮ ಮುಖಕ್ಕೆ ನೇರವಾಗಿ ಬೀಸುತ್ತಿದ್ದು ಎಡಕ್ಕೂ ಬಲಕ್ಕೂ ಹತ್ತತ್ತು ಡಿಗ್ರಿ ಹೊಯ್ದಾಡಿದರೆ ಗುಂಡು ಒಂದು ಬದಿಗೆ 45 ಸೆಂಟಿಮೀಟರ್, ಇನ್ನೊಂದು ಬದಿಗೆ ಅಷ್ಟೇ ಸರಿಯುತ್ತದೆ. ರೇಂಜಿನ ಉದ್ದಕ್ಕೂ ಗಾಳಿ ತೋರಿಸುವ ಬಾವುಟಗಳು ಜೋರಾಗಿ ಹಾರುತ್ತಿರುವ ಅಡ್ಡಗಾಳಿಯ ದಿನವನ್ನು ಕಂಡು ಹೆದರುವವರು, ಎದುರಿನಿಂದಲೋ ಬೆನ್ನ ಹಿಂದಿನಿಂದಲೋ ಬೀಸುವ ಮೆಲುಗಾಳಿಯ ದಿನವನ್ನು ಸುಲಭವೆಂದು ಭಾವಿಸುತ್ತಾರೆ. ಅಂಕಗಳು ಹೆಚ್ಚಾಗಿ ಹೋಗುವುದು ಆ ಎರಡನೆಯ ದಿನದಲ್ಲಿ.

ಬಾವುಟಗಳನ್ನು ನೋಡುವಾಗ ಗುರಿಯ ಬಳಿಯದಕ್ಕಿಂತ ನಿಮ್ಮ ಹತ್ತಿರದಿಂದ ಮಧ್ಯದವರೆಗಿನವುಗಳಿಗೆ ಹೆಚ್ಚು ಬೆಲೆ ಕೊಡಿ. ಆರಂಭದಲ್ಲೇ ಪಕ್ಕಕ್ಕೆ ತಳ್ಳಲ್ಪಟ್ಟ ಗುಂಡು ಉಳಿದ ದೂರವನ್ನೆಲ್ಲ ಆ ದಿಕ್ಕಿನಲ್ಲಿಯೇ ಸಾಗುತ್ತದೆ, ಗುರಿಯ ಹತ್ತಿರ ಬೀಸಿದ ಗಾಳಿಗೆ ಅದನ್ನು ಸರಿಸಲು ಸಮಯವೇ ಇರುವುದಿಲ್ಲ. ಜೊತೆಗೆ 1000 ಗಜದ ಹಾದಿಯ ನಡುವೆ ಗುಂಡು ನೋಟದ ರೇಖೆಗಿಂತ ಸುಮಾರು ಮೂರು ಮೀಟರ್ ಮೇಲಿರುತ್ತದೆ, ಅಲ್ಲಿಯ ಗಾಳಿ ನೆಲದ ಮೇಲಿನದಕ್ಕಿಂತ ಸಾಮಾನ್ಯವಾಗಿ ಬಿರುಸು. ಬಿಸಿಲಿರುವ ದಿನ ಬಾವುಟಕ್ಕಿಂತ ಸೂಕ್ಷ್ಮವಾಗಿ ಮಾತನಾಡುವುದು ಬಿಸಿಲುಗುದುರೆ. ಪಕ್ಕದಲ್ಲಿಟ್ಟು ಗುರಿ ನೋಡುವ ದೂರದರ್ಶಕವಾದ ಸ್ಪಾಟಿಂಗ್ ಸ್ಕೋಪನ್ನು ಗುರಿಯ ಮೇಲಲ್ಲದೆ ಅದಕ್ಕಿಂತ ಸಾಕಷ್ಟು ಈಚೆಗೆ ಕೇಂದ್ರೀಕರಿಸಿದರೆ ಬಿಸಿಗಾಳಿಯ ಅಲೆಗಳು ಹರಿಯುವುದು ಕಾಣುತ್ತದೆ. ಅವು ಓರೆಯಾಗಿ ಹರಿದರೆ ಮೆಲುಗಾಳಿ, ಮಟ್ಟಸವಾಗಿ ಓಡಿದರೆ ಬಿರುಸು. ವೇಗ ಸೆಕೆಂಡಿಗೆ ಸುಮಾರು 5 ಮೀಟರ್ ಮೀರಿದ ಮೇಲೆ ಅಲೆಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ, ಆಗ ಬಾವುಟಗಳೇ ಆಧಾರ. ಅಲೆಗಳು ಕುದಿಯುವ ನೀರಿನಂತೆ ನೇರವಾಗಿ ಮೇಲೇಳುತ್ತಿದ್ದರೆ ಅಡ್ಡಗಾಳಿ ಇಲ್ಲವೆಂದು ತಿಳಿದು ಹೊಡೆಯುವವರಿದ್ದಾರೆ. ನಾನು ಹಾಗೆ ಸಲಹೆ ನೀಡುವುದಿಲ್ಲ. ಬಹಳ ಸಲ ಅದು ಗಾಳಿ ದಿಕ್ಕು ಬದಲಿಸುವ ಗಳಿಗೆಯಾಗಿರುತ್ತದೆ, ಗುಂಡು ಹೊರಡುವ ಹೊತ್ತಿಗೆ ಅದು ಯಾವ ಕಡೆಗೆ ತಿರುಗಿರುತ್ತದೋ ಹೇಳಲಾಗದು. ಅಲೆ ಒಂದು ಕಡೆಗೆ ಹರಿಯುವವರೆಗೆ ಕಾಯಿರಿ.

ಇದನ್ನು ಮರಳಿ ಕಲಿಯಲು ಗುಂಡು ಹೊಡೆಯಲೇಬೇಕೆಂದಿಲ್ಲ ಎಂಬುದು ಸಂತೋಷದ ಸಂಗತಿ. ಕ್ಲಬ್ಬಿನಲ್ಲಿ ಬೇರೊಬ್ಬ ಒಳ್ಳೆಯ ಶೂಟರ್ ಹೊಡೆಯುವಾಗ ಪಕ್ಕದಲ್ಲಿ ಕೂತು ಅಂಕ ಬರೆದುಕೊಳ್ಳುವ ಕೆಲಸವನ್ನು ಕೇಳಿ ಪಡೆಯಿರಿ. ಪ್ರತಿ ಹೊಡೆತಕ್ಕೂ ಮುನ್ನ ನಿಮ್ಮ ಅಂದಾಜನ್ನು ಮಿನಿಟಿನಲ್ಲಿ ಬರೆದು, ಅವರು ಸೈಟಿನಲ್ಲಿ ಇಟ್ಟ ಅಂಕೆಯನ್ನೂ ಗುಂಡು ಬಿದ್ದ ಜಾಗವನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಭಂಗಿಯ ದಣಿವೂ ಟ್ರಿಗರಿನ ಚಿಂತೆಯೂ ಇಲ್ಲದ ಈ ಸ್ಥಾನದಲ್ಲಿ ಮನಸ್ಸು ಪೂರ್ತಿಯಾಗಿ ಗಾಳಿಯ ಮೇಲಿರುತ್ತದೆ. ತಂಡಗಳ ಪಂದ್ಯಗಳಲ್ಲಿ ಗಾಳಿಯನ್ನು ನೋಡಲೆಂದೇ ಕೋಚ್ ಒಬ್ಬರನ್ನು ಶೂಟರ್ ಪಕ್ಕದಲ್ಲಿ ಕೂರಿಸುವುದೂ ಇದೇ ಕಾರಣಕ್ಕೆ. ಗುರಿಗಳನ್ನು ಇಳಿಸಿ ಏರಿಸುವ ಕಂದಕದ ಕೆಲಸವನ್ನೂ ತಪ್ಪಿಸಿಕೊಳ್ಳಬೇಡಿ. ಬೇರೆಬೇರೆ ಶೂಟರ್‌ಗಳ ಗುಂಡುಗಳು ಒಂದೇ ಗಾಳಿಯಲ್ಲಿ ಹೇಗೆ ಅಡ್ಡಡ್ಡ ಹರಡುತ್ತವೆ ಎಂಬುದನ್ನು ಅಲ್ಲಿಂದ ನೋಡಿದಷ್ಟು ಸ್ಪಷ್ಟವಾಗಿ ಬೇರೆಲ್ಲಿಂದಲೂ ನೋಡಲಾಗುವುದಿಲ್ಲ.

ಈ ಹದಿನೈದು ವರ್ಷಗಳಲ್ಲಿ ಬಂದ ಹೊಸ ಸಲಕರಣೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಗುಂಡಿನ ಹಾದಿಯನ್ನು ಲೆಕ್ಕಹಾಕುವ ಫೋನಿನ ಆ್ಯಪ್‌ಗಳು ಎತ್ತರದ ಅಂಕೆಯನ್ನು ಬಹಳ ಚೆನ್ನಾಗಿ ಹೇಳುತ್ತವೆ, ಆದರೆ ಗಾಳಿಯ ವೇಗವನ್ನು ಅವಕ್ಕೆ ನೀವೇ ಹೇಳಬೇಕು. ಕಂದಕದ ಬದಲಿಗೆ ಅನೇಕ ಕಡೆ ಬಂದಿರುವ ಎಲೆಕ್ಟ್ರಾನಿಕ್ ಗುರಿಗಳಲ್ಲಿ ಕೆಲವು ಗುಂಡಿನ ಶಬ್ದಾತೀತ ಆಘಾತ ತರಂಗವನ್ನು ಮೈಕ್ರೊಫೋನುಗಳಿಂದ ಹಿಡಿದು ಜಾಗ ಗುರುತಿಸುತ್ತವೆ. ನಳಿಗೆ ಸವೆದು ಅಥವಾ ತೋಟಾ ದುರ್ಬಲವಾಗಿ ಗುಂಡು ಶಬ್ದದ ವೇಗಕ್ಕಿಂತ ಕೆಳಗಿಳಿದರೆ ಅವು ಅದನ್ನು ಸರಿಯಾಗಿ ದಾಖಲಿಸದೇ ಹೋಗಬಹುದು.

ಟೆಲಿಸ್ಕೋಪಿನ ವಿಷಯ. ಸರಿಯಾದ ಗಾಜು ಹಾಕಿಸಿದ ಮೇಲೆಯೂ ಉಂಗುರ ಸ್ಪಷ್ಟವಾಗದಿದ್ದರೆ, ಅಥವಾ ಸ್ಲಿಂಗಿನ ಒತ್ತಡವನ್ನು ತೋಳು ಮತ್ತು ಕತ್ತು ತಾಳದಿದ್ದರೆ, ಟೆಲಿಸ್ಕೋಪನ್ನೂ ರೈಫಲಿಗೆ ಆಧಾರವನ್ನೂ ಬಳಸಬಹುದಾದ ಎಫ್-ಕ್ಲಾಸ್ ಸ್ಪರ್ಧೆಗೆ ಹೋಗುವುದರಲ್ಲಿ ಯಾವ ಸಂಕೋಚವೂ ಬೇಡ. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಅದನ್ನು ಆರಂಭಿಸಿದ್ದೇ ವಯಸ್ಸಿನಿಂದ ಕಣ್ಣು ಮತ್ತು ಮೈ ಸಹಕರಿಸದ ಶೂಟರ್‌ಗಳು ರೇಂಜ್ ಬಿಟ್ಟು ಹೋಗಬಾರದೆಂದು. ಅದರ ಹೆಸರಿನ ಎಫ್ ಅವರದೇ. ಅದರ ಎಫ್-ಟಿಆರ್ ವಿಭಾಗ .308 ಮತ್ತು .223 ಕ್ಯಾಲಿಬರುಗಳಿಗೇ ಮೀಸಲು, ರೈಫಲಿನ ತೂಕ ಬೈಪಾಡ್ (ಎರಡು ಕಾಲಿನ ಆಧಾರ) ಮತ್ತು ಸ್ಕೋಪ್ ಸೇರಿ 8.25 ಕಿಲೋಗ್ರಾಂ ಮೀರಬಾರದು. ಆಗಲೂ ನಿಮ್ಮ ರೈಫಲಿಗೇ ಸ್ಕೋಪ್ ಕೂರಿಸುವ ಒಂದು ಲೋಹದ ಪಟ್ಟಿ, ಸ್ಕೋಪ್, ಬೈಪಾಡ್ ಜೋಡಿಸಿದರೆ ಸಾಕಾಗುತ್ತದೆ. ಆದರೆ ಅಲ್ಲಿ 1000 ಗಜದ ಬುಲ್ ಸುಮಾರು 25 ಸೆಂಟಿಮೀಟರ್ ಮಾತ್ರ, ಅಂದರೆ ಗಾಳಿಯ ಅಂದಾಜು ಇನ್ನೂ ಎರಡು ಪಟ್ಟಿಗಿಂತ ಹೆಚ್ಚು ನಿಖರವಾಗಿರಬೇಕು. ಟೆಲಿಸ್ಕೋಪ್ ಕಣ್ಣಿನ ಕೆಲಸವನ್ನು ಹಗುರಮಾಡುತ್ತದೆಯೇ ಹೊರತು ಗಾಳಿಯ ಕೆಲಸವನ್ನಲ್ಲ.

ದೂರಗಳನ್ನು ಹಂತವಾಗಿ ಏರಿ. 300ರಲ್ಲಿ ಪ್ರತಿ ಗುಂಡು ಬಿಡುಗಡೆಯಾದ ಕ್ಷಣದಲ್ಲಿ ಉಂಗುರ ಎಲ್ಲಿತ್ತೆಂದು, ಸ್ಕೋಪಿನಲ್ಲಿ ನೋಡುವ ಮೊದಲೇ ಪುಸ್ತಕದಲ್ಲಿ ಗುರುತು ಹಾಕಿ. ಗುರುತೂ ಗುಂಡೂ ಹೊಂದಲಾರಂಭಿಸಿದ ಮೇಲೆ 500 ಮತ್ತು 600ಕ್ಕೆ ಹೋಗಿ, ಅಲ್ಲಿ ಉಳಿಯಿರಿ. ಋತುವಿನ ಹೆಚ್ಚಿನ ಭಾಗವನ್ನು 600ರಲ್ಲೇ ಕಳೆದರೂ ತಪ್ಪಿಲ್ಲ, ಏಕೆಂದರೆ ಅಲ್ಲಿ ಗಾಳಿಯ ತಪ್ಪು ಕಾಣುವಷ್ಟು ದೊಡ್ಡದು, ಗುರಿಯನ್ನೇ ಕಳೆದುಕೊಳ್ಳುವಷ್ಟಲ್ಲ. 900 ಮತ್ತು 1000ಕ್ಕೆ ಹೋಗುವ ದಿನ, 300ರ ಅಂಕೆಗಿಂತ 25ರಿಂದ 30 ಮಿನಿಟ್ ಮೇಲೇರಬೇಕಾಗುತ್ತದೆ ಎಂಬ ಅಂದಾಜನ್ನು ನಿಮ್ಮ ಹಳೆಯ ಪುಸ್ತಕದೊಂದಿಗೆ ಹೋಲಿಸಿ ನೋಡಿ. ಮತ್ತು ಪ್ರತಿ ಗುಂಡಿಗೂ ಮುನ್ನ ಗುರಿಯ ಸಂಖ್ಯೆಯನ್ನು ಓದಿ. 1874ರಲ್ಲಿ ಅಮೆರಿಕದ ಕ್ರೀಡ್‌ಮೋರ್‌ನಲ್ಲಿ 800, 900 ಮತ್ತು 1000 ಗಜಗಳಲ್ಲಿ ನಡೆದ ಪಂದ್ಯವನ್ನು ಐರ್ಲೆಂಡ್ ತಂಡ 934ಕ್ಕೆ 931ರಂತೆ ಮೂರೇ ಅಂಕಗಳಿಂದ ಸೋತಿತು. ಅವರ ಶೂಟರ್ ಒಬ್ಬರು ಪಕ್ಕದ ಗುರಿಯ ಬುಲ್‌ಗೆ ಹೊಡೆದು ನಾಲ್ಕು ಅಂಕ ಕಳೆದುಕೊಂಡಿದ್ದರು. ಗಾಳಿಯನ್ನೇ ದಿಟ್ಟಿಸುತ್ತ ಸ್ಕೋಪಿನಿಂದ ಸೈಟಿಗೆ ಕಣ್ಣು ತಿರುಗಿಸುವಾಗ ಈ ತಪ್ಪು ಬಹು ಸುಲಭವಾಗಿ ಆಗುತ್ತದೆ. ಲೆಕ್ಕಕ್ಕೆ ಸೇರದ ಮೊದಲ ಎರಡು ಹೊಡೆತಗಳನ್ನು ಅವಸರದಲ್ಲಿ ಕಳೆಯದೆ, ಮೊದಲನೆಯದನ್ನು ಆ ಹೊತ್ತಿನಲ್ಲಿ ಹೆಚ್ಚು ಕಾಲ ನಿಲ್ಲುತ್ತಿರುವ ಗಾಳಿಯಲ್ಲಿ ಹೊಡೆದು, ಎರಡನೆಯದನ್ನು ಅದೇ ಗಾಳಿ ಮರಳುವವರೆಗೆ ಕಾದು ಹೊಡೆಯಿರಿ; ಸಮಯದ ಮಿತಿಯೊಳಗೆ ಎಷ್ಟು ಕಾಯಬಹುದೆಂದು ಅಂದಿನ ರೇಂಜ್ ಅಧಿಕಾರಿಯನ್ನು ಮೊದಲೇ ಕೇಳಿಟ್ಟುಕೊಂಡಿರಿ.